ಲಿನಕ್ಸ್ ವೃತ್ತಿಯಲ್ಲಿ ಪ್ರಮಾಣಪತ್ರದ ಸ್ಥಾನ

(ಶ್ರೀಮಠದ ಮಹೋತ್ಸವದ ಕಾಲಕ್ಕೆ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)



ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದ ಮಠಗಳ ಪ್ರಸಾದನಿಲಯಗಳಿಂದ ಹೊರಬಿದ್ದ ತರುಣರು ಇಂದು ನಾಡಿನ ನಾನಾ ಕಡೆಗಳಲ್ಲಿ ಚದರಿಕೊಂಡಿರುವರು. ಕೆಲವರು ಸಹಕಾರಿ ಸಂಘಗಳಲ್ಲಿ ಲೆಕ್ಕ ಬರೆಯುತ್ತಿರುವರು. ಕೆಲವರು ಖಾಸಗಿ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ಪಾಠ ಹೇಳುತ್ತಿರುವರು. ಇನ್ನು ಕೆಲವರು ಬೆಂಗಳೂರಿನ ಯಾವದೋ ಕಚೇರಿಯಲ್ಲಿ ದೂರವಾಣಿಯ ಮುಂದೆ ಕುಳಿತು, ಪರರ ಗಣಕಯಂತ್ರಗಳ ಕುಂದುಕೊರತೆಗಳನ್ನು ಕೇಳಿ ಬರೆದುಕೊಳ್ಳುವ ಕೆಲಸದಲ್ಲಿರುವರು. ಇವರಲ್ಲಿ ಅನೇಕರ ಬಾಯಿಂದ ಈಚೆಗೆ ಒಂದೇ ಪ್ರಶ್ನೆಯು ಕೇಳಬರುತ್ತಲಿದೆ. ಇದ್ದ ಕೆಲಸವನ್ನು ಬಿಟ್ಟು ಲಿನಕ್ಸ್ ಎಂಬ ಗಣಕವ್ಯವಸ್ಥೆಯ ಮೇಲ್ವಿಚಾರಣೆಯ ವೃತ್ತಿಗೆ ಹೋಗಬೇಕೆಂಬವರಿಗೆ, ಆ ವಿದ್ಯೆಯ ಪರೀಕ್ಷೆಗೆ ಕುಳಿತು ಪಡೆಯುವ ಪ್ರಮಾಣಪತ್ರವು ನಿಜವಾಗಿ ಸಹಾಯಕವಾಗುವದೋ, ಅಥವಾ ಅದು ಗೋಡೆಗೆ ತೂಗಹಾಕುವ ಒಂದು ಪಟವೇ ಸರಿಯೋ?

ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವಾಗಿ ಕಾಣಬಹುದು. ಆದರೆ ಪರೀಕ್ಷೆಯ ಶುಲ್ಕವೇ ಹಲವು ಸಾವಿರ ರೂಪಾಯಿಗಳಾಗುವದೆಂಬದನ್ನೂ, ಅದರ ಸಲುವಾಗಿ ಪಾಠ ಹೇಳುವೆವೆಂದು ಫಲಕ ಹಾಕಿಕೊಂಡವರ ಫೀಯು ಎಷ್ಟೋ ಕಡೆ ಅದಕ್ಕೂ ಮಿಗಿಲಾಗಿರುವದೆಂಬದನ್ನೂ, ಈ ಹಣವು ಒಕ್ಕಲುತನದ ಮನೆಗಳಲ್ಲಿ ಎಮ್ಮೆಯನ್ನು ಮಾರಿ ಅಥವಾ ತಾಯಿಯ ಬಳೆಯನ್ನು ಒತ್ತೆಯಿಟ್ಟು ಹುಟ್ಟಿಸತಕ್ಕ ಹಣವಾಗಿರುವದೆಂಬದನ್ನೂ ನೆನೆದರೆ, ಈ ವಿಚಾರವು ಮಠದ ಸಭೆಗೆ ಹೊರಗಿನದೆಂದು ಯಾರೂ ಅನ್ನಲಾರರು.

ಮೊದಲು ಲಿನಕ್ಸ್ ಎಂದರೇನೆಂಬದನ್ನು ಅರಿಯದ ಹಿರಿಯರಿಗಾಗಿ ಎರಡು ಮಾತು. ೧೯೯೧ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಫಿನ್‌ಲಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ೨೧ ವರ್ಷದ ತರುಣನು, ತನ್ನ ಗಣಕಯಂತ್ರಕ್ಕಾಗಿ ತಾನೇ ಬರೆಯುತ್ತಿದ್ದ ಕಾರ್ಯವ್ಯವಸ್ಥೆಯೊಂದನ್ನು ಇತರರಿಗೆ ತಿಳಿಯಪಡಿಸಿದನು. ಅದಕ್ಕಿಂತ ಮೊದಲೇ, ೧೯೮೩ರಲ್ಲಿ, ಅಮೇರಿಕೆಯ ರಿಚರ್ಡ್ ಸ್ಟಾಲ್‌ಮನ್‌ರು ಗ್ನು ಎಂಬ ಹೆಸರಿನಿಂದ ಸ್ವತಂತ್ರ ತಂತ್ರಾಂಶದ ಕಾರ್ಯವನ್ನು ಸಾರಿದ್ದರು. ೧೯೯೨ರಲ್ಲಿ ಲಿನಕ್ಸ್ ತಿರುಳು ಗ್ನುವಿನ ಸಾರ್ವಜನಿಕ ಪರವಾನಗಿಯ ಕೆಳಗೆ ಬಂದದ್ದರಿಂದ, ಯಾರು ಬೇಕಾದರೂ ಅದನ್ನು ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು; ಹಂಚುವವನು ಮೂಲವನ್ನು ಮಾತ್ರ ಬಚ್ಚಿಡಕೂಡದು. ದಾಸೋಹದ ಮನೆಯಲ್ಲಿ ಉಂಡು ಬೆಳೆದವರಿಗೆ ಈ ನಿಯಮವು ಹೊಸದೆಂದು ತೋರಲಾರದು. ೨೦೧೭ರ ನವೆಂಬರ್ ತಿಂಗಳ ಗಣನೆಯಿಂದೀಚೆಗೆ ಜಗತ್ತಿನ ೫೦೦ ಮಹಾಗಣಕಗಳ ಪಟ್ಟಿಯಲ್ಲಿರುವ ಅಷ್ಟೂ ಯಂತ್ರಗಳು ಲಿನಕ್ಸ್‌ನಿಂದಲೇ ನಡೆಯುತ್ತಲಿವೆ. ಅಂಗೈಯಲ್ಲಿಯ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ.

ಇನ್ನು ಇದರ ಮೇಲ್ವಿಚಾರಕನ ಕೆಲಸ. ಕೆರೆಯ ಕೆಳಗಿನ ಊರುಗಳಲ್ಲಿ ನೀರುಗಂಟಿಯೆಂಬವನಿರುವನಷ್ಟೆ? ಯಾರ ಗದ್ದೆಗೆ ಯಾವಾಗ ತೂಬು ತೆರೆಯಬೇಕು, ಎಲ್ಲಿ ಏರಿ ಬಿರುಕುಬಿಟ್ಟಿದೆ, ಎಲ್ಲಿ ಕಾಲುವೆ ಹೂಳು ತುಂಬಿದೆ ಎಂಬದನ್ನು ನೋಡುವದೇ ಅವನ ಕಾಯಕ. ನೀರು ಸರಿಯಾಗಿ ಹರಿಯುತ್ತಿರುವವರೆಗೆ ಅವನ ನೆನಪು ಯಾರಿಗೂ ಆಗುವದಿಲ್ಲ. ಗದ್ದೆ ಒಣಗಿದ ದಿನ ಊರೆಲ್ಲ ಅವನನ್ನು ಹುಡುಕುವದು. ಸರ್ವರ್ ಎಂಬ ಯಂತ್ರಗಳನ್ನು ಕಾಯುವವನ ಸ್ಥಿತಿಯೂ ಇದೇ. ಯಾರು ಒಳಗೆ ಬರಬಹುದು, ಯಾರಿಗೆ ಯಾವ ಕಡತವನ್ನು ಓದುವ ಅಧಿಕಾರ, ಡಿಸ್ಕಿನಲ್ಲಿ ಎಷ್ಟು ಸ್ಥಳ ಉಳಿದಿದೆ, ಯಾವ ದೋಷಕ್ಕೆ ತೇಪೆ ಹಾಕಬೇಕು, ನಿನ್ನೆಯ ಪ್ರತಿಯು ನಿಜವಾಗಿ ಪ್ರತಿಯಾಗಿದೆಯೋ ಇಲ್ಲವೋ, ಇವನ್ನೆಲ್ಲ ನೋಡುವದು ಅವನ ಪಾಲಿಗೆ ಬಂದದ್ದು. ಇಂತಹ ನಂಬಿಗೆಯ ಕೆಲಸವನ್ನು ಅಪರಿಚಿತನಿಗೆ ಒಪ್ಪಿಸುವಾಗ ಯಜಮಾನನು ಅನುಮಾನಿಸುವದು ಸಹಜವೇ. ಪ್ರಮಾಣಪತ್ರವು ಹುಟ್ಟಿದ್ದು ಈ ಅನುಮಾನದಿಂದಲೇ.

೧೯೯೦ರ ದಶಕದ ಉತ್ತರಾರ್ಧದಲ್ಲಿ ಅಮೇರಿಕೆಯಲ್ಲಿ ಗಣಕಜಾಲಗಳ ಕೆಲಸಕ್ಕೆ ಜನರು ಸಾಲದೆ ಹೋದಾಗ, ಪ್ರಮಾಣಪತ್ರ ಪಡೆದವನಿಗೆ ಕೂಡಲೆ ಕೆಲಸವೆಂಬ ಗಾಳಿ ಬೀಸಿತು. ಆಗಿನ ಪರೀಕ್ಷೆಗಳು ಬಹುಮಟ್ಟಿಗೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಗಳು. ಪ್ರಶ್ನೆಗಳನ್ನು ಕದ್ದು ಕಲೆಹಾಕಿ ಮಾರುವವರು ಹುಟ್ಟಿದರು; ಅವನ್ನು ಉರು ಹೊಡೆದು ಪಾಸಾದವರು ಯಂತ್ರದ ಮುಂದೆ ಕುಳಿತಾಗ ಕಣ್ಣು ಕಣ್ಣು ಬಿಟ್ಟರು. ಮೈಕ್ರೋಸಾಫ್ಟಿನ ಎಂ.ಸಿ.ಎಸ್.ಇ. ಎಂಬ ಬಿರುದಿಗೆ “ಕಾಗದದ” ಎಂಬ ವಿಶೇಷಣವು ಅಂಟಿಕೊಂಡದ್ದು ಆ ಕಾಲದಲ್ಲಿಯೇ. ಲಿನಕ್ಸ್ ಪ್ರಮಾಣಪತ್ರಗಳು ಹುಟ್ಟಿದ್ದು ಈ ಅಪಕೀರ್ತಿಯ ನೆರಳಿನಲ್ಲಿ. ೧೯೯೯ರಲ್ಲಿ ರೆಡ್ ಹ್ಯಾಟ್ ಕಂಪನಿಯು ಆರ್.ಎಚ್.ಸಿ.ಇ. ಎಂಬ ಪರೀಕ್ಷೆಯನ್ನು ಆರಂಭಿಸಿದಾಗ, ಅಭ್ಯರ್ಥಿಯನ್ನು ನಿಜವಾದ ಯಂತ್ರದ ಮುಂದೆ ಕೂಡಿಸಿ ಕೆಲಸ ಮಾಡಿಸಿ ನೋಡುವ ಪದ್ಧತಿಯನ್ನು ಹಿಡಿಯಿತು. ಅದೇ ವರ್ಷ ಸ್ಥಾಪನೆಯಾದ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟು ಯಾವದೊಂದು ಕಂಪನಿಗೂ ಕಟ್ಟುಬೀಳದೆ, ಎಲ್ಲ ಬಗೆಯ ಲಿನಕ್ಸ್‌ಗಳಿಗೂ ಸಾಧಾರಣವಾದ ಪಾಠಕ್ರಮವನ್ನು ಏರ್ಪಡಿಸಿ, ಪ್ರಶ್ನೋತ್ತರದ ಪರೀಕ್ಷೆಯನ್ನೇ ಇಟ್ಟುಕೊಂಡಿತು. ೨೦೧೪ರಲ್ಲಿ ಲಿನಕ್ಸ್ ಫೌಂಡೇಶನ್ನು ತನ್ನ ಎಲ್.ಎಫ್.ಸಿ.ಎಸ್. ಪರೀಕ್ಷೆಯನ್ನು ತಂದಿತು; ಇದು ಎರಡು ಗಂಟೆಗಳ ಕೈಗೆಲಸದ ಪರೀಕ್ಷೆ. ಕಾಂಪ್‌ಟಿಯಾ ಸಂಸ್ಥೆಯ ಲಿನಕ್ಸ್ ಪ್ಲಸ್ ಎಂಬದೂ ಒಂದುಂಟು. ಅದರಲ್ಲಿ ಗುರುತು ಹಾಕುವ ಪ್ರಶ್ನೆಗಳ ನಡುವೆ ಮಾಡಿ ತೋರಿಸುವ ಪ್ರಶ್ನೆಗಳೂ ಕೆಲವು ಬರುವವು.

ಇವೆಲ್ಲವುಗಳಲ್ಲಿ ಹೊಸಬನು ಮೊದಲಿಗೆ ಎದುರುಗೊಳ್ಳುವ ಆರ್.ಎಚ್.ಸಿ.ಎಸ್.ಎ. ಪರೀಕ್ಷೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡಿದರೆ, ಮುಖ್ಯ ಪ್ರಶ್ನೆಯ ಅರ್ಧ ಉತ್ತರವು ಅಲ್ಲಿಯೇ ದೊರೆಯುವದು. ಅವಧಿ ಮೂರು ಗಂಟೆ. ಒಟ್ಟು ೩೦೦ ಅಂಕಗಳು. ೨೧೦ ಬಂದರೆ ತೇರ್ಗಡೆ. ಪುಸ್ತಕವಿಲ್ಲ, ಅಂತರ್ಜಾಲವಿಲ್ಲ, ಆದರೆ ವ್ಯವಸ್ಥೆಯೊಳಗೇ ಅಡಗಿರುವ ಕೈಪಿಡಿಯ ಪುಟಗಳನ್ನು, ಅಂದರೆ ಮ್ಯಾನ್ ಪುಟಗಳೆಂಬವನ್ನು, ಎಷ್ಟಾದರೂ ತೆರೆದು ಓದಬಹುದು. ಇದು ಬಹಳ ವಿವೇಕದ ಏರ್ಪಾಡು. ಏತಕ್ಕೆಂದರೆ ಈ ವೃತ್ತಿಯಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡಿದವನಿಗಿಂತ, ಮರೆತದ್ದನ್ನು ಎರಡು ನಿಮಿಷದಲ್ಲಿ ಹುಡುಕಿ ತೆಗೆಯಬಲ್ಲವನೇ ಮೇಲು. ಪ್ರಶ್ನೆಗಳಾದರೋ ಮಾಡಿ ಮುಗಿಸತಕ್ಕ ಕೆಲಸಗಳು. ಪಾಸ್‌ವರ್ಡು ಮರೆತುಹೋದ ಯಂತ್ರವನ್ನು ಆರಂಭದ ಹಂತದಲ್ಲಿಯೇ ತಡೆದು ಒಳಹೊಕ್ಕು ಹೊಸ ಪಾಸ್‌ವರ್ಡನ್ನು ಇಡಬೇಕು. ಡಿಸ್ಕನ್ನು ತುಂಡುಮಾಡಿ, ಆ ತುಂಡುಗಳನ್ನು ಎಲ್.ವಿ.ಎಂ. ಎಂಬ ಕ್ರಮದಿಂದ ಕೂಡಿಸಿ, ಬೇಕಾದಷ್ಟು ಹಿಗ್ಗಿಸಬೇಕು, ಬಳಕೆದಾರರನ್ನೂ ಗುಂಪುಗಳನ್ನೂ ಸೃಷ್ಟಿಸಿ ಅವರವರ ಅಧಿಕಾರವನ್ನು ಗೊತ್ತುಮಾಡಬೇಕು, ಎಸ್.ಇ.ಲಿನಕ್ಸ್ ಎಂಬ ಕಠಿಣ ಕಾವಲುಗಾರನು ತಡೆಹಿಡಿದ ಸೇವೆಯನ್ನು, ಅವನನ್ನು ಹೊರಗಟ್ಟದೆಯೇ, ನಡೆಯುವಂತೆ ಮಾಡಬೇಕು. ಈ ಕಾವಲುಗಾರನು ಅಡ್ಡಬಂದನೆಂದು ಅವನನ್ನು ಮಲಗಿಸಿಬಿಡುವ ಮೇಲ್ವಿಚಾರಕರು ಹೊರಗೆ ಬಹಳ ಮಂದಿ ಇರುವರೆಂಬದು ಬೇರೆ ಮಾತು.

ಈ ಪರೀಕ್ಷೆಯ ಅತ್ಯಂತ ಕಠಿಣವಾದ ನಿಯಮವು ಕೊನೆಯಲ್ಲಿದೆ. ಅಭ್ಯರ್ಥಿಯು ಮಾಡಿದ ಕೆಲಸವೆಲ್ಲವೂ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದ ಮೇಲೂ, ಯಾರ ಕೈಸಹಾಯವೂ ಇಲ್ಲದೆ, ಹಾಗೆಯೇ ನಿಂತಿರಬೇಕು. ಯಂತ್ರವು ಏಳುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬದು ಎಫ್‌ಎಸ್‌ಟ್ಯಾಬ್ ಎಂಬ ಚಿಕ್ಕ ಕಡತದಲ್ಲಿ ಬರೆದಿರುವದು. ಅದರಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಸಾಕು, ಯಂತ್ರವು ಅರ್ಧದಲ್ಲಿ ನಿಂತು, ತುರ್ತುಸ್ಥಿತಿಯ ಕಪ್ಪು ಪರದೆಯನ್ನು ತೋರಿಸಿ ಕುಳಿತುಬಿಡಬಹುದು. ಹಾಗಾದ ಪಕ್ಷದಲ್ಲಿ ಎರಡೂವರೆ ಗಂಟೆಯ ವರೆಗೆ ಸರಿಯಾಗಿ ಮಾಡಿದ ಉಳಿದ ಕೆಲಸಗಳೆಲ್ಲವೂ ನೀರುಪಾಲು. ನಿಷ್ಠುರವೆಂದು ಕೆಲವರು ದೂರುವರು. ಆದರೆ ಹೊರಗಿನ ಸರ್ವರ್‌ಗಳ ಧರ್ಮವೂ ಇದೇ ಆಗಿದೆ. ಹಗಲು ಕೈಯಿಂದ ಮಾಡಿ ಮುಗಿಸಿದ ಏರ್ಪಾಡು ನಡುರಾತ್ರಿ ಕರೆಂಟು ಹೋಗಿ ಬಂದ ಮೇಲೆ ನಿಲ್ಲದಿದ್ದರೆ, ಅದನ್ನು ಮಾಡಿದಂತೆ ಎಣಿಸುವ ಯಜಮಾನನು ಯಾರಿದ್ದಾನೆ? ಗುರುತು ಹಾಕುವ ಯಾವ ಪ್ರಶ್ನಪತ್ರಿಕೆಯೂ ಈ ಭಯವನ್ನು ಕಲಿಸಲಾರದು.

ಹಾಗೆಂದು ಗುರುತು ಹಾಕುವ ಪರೀಕ್ಷೆಗಳೆಲ್ಲ ನಿರುಪಯೋಗವೆಂದಲ್ಲ. ಎಲ್.ಪಿ.ಐ.ಸಿ.ಯ ಮೊದಲ ಮೆಟ್ಟಿಲಿನಲ್ಲಿ ಎರಡು ಪರೀಕ್ಷೆಗಳಿದ್ದು, ಒಂದೊಂದರಲ್ಲಿಯೂ ೯೦ ನಿಮಿಷಕ್ಕೆ ೬೦ ಪ್ರಶ್ನೆಗಳಿರುವವು. ಅದರ ಪಾಠಪಟ್ಟಿಯು ವಿಶಾಲವಾದದ್ದು. ತಾನೇ ಕಲಿತವನ ವಿದ್ಯೆಯಲ್ಲಿ ಅಲ್ಲಲ್ಲಿ ಉಳಿಯುವ ತೂತುಗಳನ್ನು ಆ ಪಟ್ಟಿಯು ತೋರಿಸಿಕೊಡುವದು. ಪಟ್ಟಿಯನ್ನು ಮಾತ್ರ ದುಡ್ಡಿಲ್ಲದೆ ಓದಬಹುದು.

ಈಗ ಪ್ರಮಾಣಪತ್ರವನ್ನು ಓದುವವರ ಕಡೆಗೆ ತಿರುಗೋಣ. ಅಮೇರಿಕೆಯ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್‌ರು ೧೯೭೩ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಉದ್ಯೋಗದ ಸಂತೆಯನ್ನು ವಿಚಾರಿಸಿದ್ದಾರೆ. ೨೦೦೧ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಅವರೂ ಪಾಲುದಾರರು. ಅವರ ವಿಚಾರದ ತಿರುಳು ಇಷ್ಟು: ಕೆಲಸ ಕೊಡುವವನಿಗೆ ಅಭ್ಯರ್ಥಿಯ ಯೋಗ್ಯತೆಯು ನೇರವಾಗಿ ಕಾಣುವದಿಲ್ಲ, ಆದುದರಿಂದ ಅವನು ಒಂದು ಗುರುತನ್ನು ನೋಡುವನು. ಯೋಗ್ಯನಿಗೆ ಸುಲಭವಾಗಿಯೂ ಅಯೋಗ್ಯನಿಗೆ ದುಬಾರಿಯಾಗಿಯೂ ದೊರೆಯುವಂತಿದ್ದರೆ ಮಾತ್ರ ಆ ಗುರುತಿಗೆ ಬೆಲೆ. ಸರಾಫ ಕಟ್ಟೆಯ ಭಾಷೆಯಲ್ಲಿ ಹೇಳಬೇಕಾದರೆ, ಒರೆಗಲ್ಲು ಹಿತ್ತಾಳೆಗೂ ಚಿನ್ನಕ್ಕೂ ಒಂದೇ ಗೆರೆ ಮೂಡಿಸತೊಡಗಿದರೆ ಆ ಕಲ್ಲನ್ನು ಬೀದಿಗೆ ಎಸೆಯತಕ್ಕದ್ದು. ಕದ್ದ ಪ್ರಶ್ನೆಗಳಿಂದ ಪಾಸಾಗಬಹುದಾದ ಪರೀಕ್ಷೆಯ ಗತಿಯು ಹಾಗೆ ಆಗಿದೆ. ಮೂರು ಗಂಟೆ ದುಡಿಸಿ ಯಂತ್ರವನ್ನು ಎಬ್ಬಿಸಿ ನೋಡುವ ಪರೀಕ್ಷೆಯ ಕಲ್ಲು ಇನ್ನೂ ಅಷ್ಟು ಸವೆದಿಲ್ಲ.

ಗುರುತನ್ನು ನೋಡುವವರಲ್ಲಿಯೂ ಭೇದವುಂಟು. ಹತ್ತಾರು ವರ್ಷ ಸರ್ವರ್‌ಗಳೊಡನೆ ಹೆಣಗಿದ ಹಿರಿಯ ಮೇಲ್ವಿಚಾರಕನು ಸಂದರ್ಶನಕ್ಕೆ ಕುಳಿತಾಗ ಪ್ರಮಾಣಪತ್ರದ ಮೇಲೆ ಕಣ್ಣಾಡಿಸಿ ಬದಿಗಿಡುವನು. ಅವನಿಗೆ ಬೇಕಾದದ್ದು ಎದುರಿಗಿದ್ದವನು ಒಂದು ಕೆಟ್ಟ ಯಂತ್ರದ ಬಗ್ಗೆ ಹೇಗೆ ಯೋಚಿಸುವನೆಂಬದು. ಆದರೆ ಅರ್ಜಿಯು ಆ ಹಿರಿಯನ ಮೇಜಿಗೆ ಮುಟ್ಟುವ ಮೊದಲು, ಲಿನಕ್ಸ್‌ನ ಗಂಧವೂ ಇಲ್ಲದ ನೇಮಕಾತಿಯ ಗುಮಾಸ್ತನೊಬ್ಬನ, ಅಥವಾ ಅಕ್ಷರಗಳನ್ನು ಹೊಂದಿಸಿ ನೋಡುವ ಯಂತ್ರವೊಂದರ, ಜರಡಿಯಲ್ಲಿ ಹಾಯ್ದು ಬರಬೇಕು. ಆ ಜರಡಿಗೆ ತಿಳಿಯುವದು ಅಕ್ಷರಗಳೇ. ಮತ್ತೆ, ಸೇವೆಯನ್ನು ಮಾರುವ ಕಂಪನಿಗಳು ತಂತ್ರಾಂಶದ ಒಡೆಯರೊಡನೆ ಪಾಲುದಾರಿಕೆಯ ಮೆಟ್ಟಿಲುಗಳನ್ನು ಹತ್ತಬೇಕಾದರೆ ಇಷ್ಟು ಮಂದಿ ಪ್ರಮಾಣಿತ ನೌಕರರು ತಮ್ಮಲ್ಲಿರುವರೆಂದು ತೋರಿಸಬೇಕಾಗುವದುಂಟು. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಇಂತಹ ಸೇವೆಯ ಕಂಪನಿಗಳೇ ಹೆಚ್ಚಾಗಿರುವದರಿಂದ ಈ ಲೆಕ್ಕವು ಅಲ್ಲಿ ತಕ್ಕಷ್ಟು ನಡೆಯುತ್ತದೆ. ಅಮೇರಿಕೆಯ ರಕ್ಷಣಾ ಇಲಾಖೆಯು ೨೦೦೫ರ ನಿಯಮಗ್ರಂಥದಿಂದ ತನ್ನ ಗಣಕರಕ್ಷಣೆಯ ಕೆಲಸಗಾರರಿಗೆ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತ್ತು. ೨೦೨೩ರಲ್ಲಿ ಬಂದ ಹೊಸ ನಿಯಮದಲ್ಲಿ ಶಿಕ್ಷಣಕ್ಕೂ ತರಬೇತಿಗೂ ಎಣಿಕೆ ಸಿಕ್ಕಿತು. ದೊಡ್ಡ ದೊಡ್ಡ ಇಲಾಖೆಗಳೂ ಒಂದೇ ಗುರುತಿನ ಮೇಲೆ ಭಾರ ಹಾಕುವದನ್ನು ಸಡಿಲಿಸುತ್ತಿರುವದಕ್ಕೆ ಇದೊಂದು ಸಾಕ್ಷಿ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಈ ವೃತ್ತಿಯಲ್ಲಿ ಹಳಬರಾದ ಕೆಲವರು, ಪ್ರಮಾಣಪತ್ರವೆಂಬದು ಕೇವಲ ಹಣ ಹಿಂಡುವ ಉಪಾಯವೆಂದೂ, ಕೆಲಸ ಬಲ್ಲವನಿಗೆ ಕಾಗದವೇಕೆಂದೂ ನಗುವರು. ಹೀಗೆ ನಗುವವರಲ್ಲಿ ಬಹುಮಂದಿಗೆ ಮೊದಲನೆಯ ಕೆಲಸವು ಗೆಳೆಯನ ಮಾತಿನಿಂದಲೋ, ಕಾಲೇಜಿನ ಹೆಸರಿನಿಂದಲೋ, ಹಿಂದಿನ ಕಚೇರಿಯ ಪರಿಚಯದಿಂದಲೋ ದೊರೆತಿರುವದು. ಅವರಿಗೆ ಸಾಕ್ಷಿ ಹೇಳುವ ಮನುಷ್ಯರಿದ್ದರು. ಆದುದರಿಂದ ಸಾಕ್ಷಿ ಹೇಳುವ ಕಾಗದವು ಬೇಕಾಗಲಿಲ್ಲ. ತಾಲೂಕಿನ ಊರೊಂದರಲ್ಲಿ ಬಿ.ಕಾಂ. ಓದಿ, ರಾಜಧಾನಿಯಲ್ಲಿ ಒಬ್ಬ ನೆಂಟನೂ ಇಲ್ಲದ ಹುಡುಗನ ಪರವಾಗಿ, ಆಂಗ್ಲಭಾಷೆಯಲ್ಲಿ ತಡವರಿಸುವ ಹುಡುಗಿಯ ಪರವಾಗಿ, ಮಗುವನ್ನು ಬೆಳೆಸಲು ಆರು ವರ್ಷ ಮನೆಯಲ್ಲಿದ್ದು ಮರಳಿ ದುಡಿಯಬಂದ ತಾಯಿಯ ಪರವಾಗಿ ಬಾಯಿ ತೆರೆಯುವವರು ಯಾರು? ಪ್ರಮಾಣಪತ್ರವು ಎಷ್ಟೇ ಕುಂದಿನದಾಗಿದ್ದರೂ ಜಾತಿಯನ್ನೂ ಊರನ್ನೂ ಕಾಲೇಜನ್ನೂ ಕೇಳದ ಸಾಕ್ಷಿಯಾಗಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ ಮುಂತಾದವರ ಹೆಸರುಗಳ ಮುಂದೆ ಅವರ ಕಾಯಕವೇ ನಿಂತಿದೆ. ನುಲಿಯು ಗಟ್ಟಿಯಾಗಿದೆಯೋ ಇಲ್ಲವೋ ಎಂಬದನ್ನು ಕೊಂಡವನು ಎಳೆದು ನೋಡಬಹುದಾಗಿತ್ತು. ಸರ್ವರಿನ ಕೆಲಸವನ್ನು ಹಾಗೆ ಎಳೆದು ನೋಡಲು ಅಪರಿಚಿತ ಯಜಮಾನನಿಗೆ ಪುರಸೊತ್ತಿಲ್ಲ. ಆದುದರಿಂದ ಹೆಸರಿನ ಹಿಂದೆ ನಾಲ್ಕು ಅಕ್ಷರಗಳು ಅಂಟಿಕೊಂಡವು.

ಆದರೆ ಈ ಸಾಕ್ಷಿಯು ಎಷ್ಟರವರೆಗೆ ನುಡಿಯಬಲ್ಲದು? ೨೦೧೭ರ ಜನವರಿ ೩೧ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನಡೆದ ಘಟನೆಯನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಾವಿರಾರು ಜನರ ಕೃತಿಗಳನ್ನು ಕಾಯ್ದಿಡುವ ಆ ಕಂಪನಿಯಲ್ಲಿ ದತ್ತಾಂಶಕ್ಕೆ ಒಂದು ಮುಖ್ಯ ಸರ್ವರೂ ಅದರ ಪ್ರತಿಬಿಂಬವಾದ ಇನ್ನೊಂದು ಸರ್ವರೂ ಇದ್ದವು. ಪ್ರತಿಬಿಂಬವು ಹಿಂದೆ ಬಿದ್ದಿತೆಂದು, ದಣಿದ ಇಂಜಿನಿಯರೊಬ್ಬರು ಅದರ ಕಡತಕೋಶವನ್ನು ಅಳಿಸಿ ಹೊಸದಾಗಿ ತುಂಬಿಸಹೋದರು. ಅಳಿಸುವ ಆಜ್ಞೆಯನ್ನು ಕೊಟ್ಟ ಒಂದೆರಡು ಕ್ಷಣಗಳಲ್ಲಿಯೇ, ತಾವು ನಿಂತಿದ್ದದ್ದು ಮುಖ್ಯ ಸರ್ವರಿನ ಮೇಲೆಂಬದು ಅವರಿಗೆ ಹೊಳೆಯಿತು. ತಡೆದರು, ಆದರೆ ಅಷ್ಟರಲ್ಲಿ ಸುಮಾರು ೩೦೦ ಗಿಗಾಬೈಟುಗಳಲ್ಲಿ ನಾಲ್ಕೂವರೆಯಷ್ಟು ಮಾತ್ರ ಉಳಿದಿತ್ತು. ಇರಲಿ, ಪ್ರತಿಗಳಿವೆಯಲ್ಲ ಎಂದು ಹುಡುಕಿದರೆ, ದಿನದಿನವೂ ಆಗುತ್ತಿದೆಯೆಂದು ಎಲ್ಲರೂ ನಂಬಿದ್ದ ಪ್ರತಿಗಳ ಕೋಶವು ಬರಿದಾಗಿತ್ತು. ಪ್ರತಿ ತೆಗೆಯುವ ತಂತ್ರಾಂಶದ ಆವೃತ್ತಿಯು ದತ್ತಾಂಶದ ಆವೃತ್ತಿಗೆ ಹೊಂದದೆ ಅದು ಸುಮ್ಮನೆ ಸೋಲುತ್ತಿತ್ತು. ಸೋಲಿನ ವಾರ್ತೆಯನ್ನು ತರುವ ಅಂಚೆಯೂ ನಡುದಾರಿಯಲ್ಲಿಯೇ ತಿರಸ್ಕೃತವಾಗುತ್ತಿತ್ತು. ಅದೃಷ್ಟವಶಾತ್, ಅದೇ ಇಂಜಿನಿಯರು ಬೇರೊಂದು ಕಾರಣಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ಕೈಯಿಂದ ತೆಗೆದಿಟ್ಟಿದ್ದ ಒಂದು ಪ್ರತಿಯು ಸಿಕ್ಕಿತು. ಮರುದಿನ ವ್ಯವಸ್ಥೆಯು ಎದ್ದು ನಿಂತಿತು. ನಡುವಿನ ಆರು ಗಂಟೆಗಳ ದತ್ತಾಂಶವು ಮರಳಲಿಲ್ಲ.

ಆ ಕಂಪನಿಯು ಈ ವೃತ್ತಾಂತವನ್ನು ಒಂದಕ್ಷರವನ್ನೂ ಮುಚ್ಚದೆ ಲೋಕದ ಮುಂದಿಟ್ಟಿತೆಂಬದು ಅದಕ್ಕೆ ಭೂಷಣ. ವೃತ್ತಿಯನ್ನು ಬದಲಿಸಹೊರಟವರು ಈ ವರದಿಯನ್ನು ಒಮ್ಮೆಯಾದರೂ ಆದ್ಯಂತವಾಗಿ ಓದತಕ್ಕದ್ದು. ಅಳಿಸುವ ಆಜ್ಞೆಯು ಪರೀಕ್ಷೆಗೆ ಕುಳಿತ ಪ್ರತಿಯೊಬ್ಬನಿಗೂ ಗೊತ್ತು. ಆಜ್ಞೆಯನ್ನು ಕೊಡುವ ಮೊದಲು ತಾನು ಯಾವ ಯಂತ್ರದ ಮೇಲೆ ನಿಂತಿರುವೆನೆಂದು ಇನ್ನೊಮ್ಮೆ ನೋಡುವ ರೂಢಿ, ಪ್ರತಿಯನ್ನು ತೆಗೆದರೆ ಸಾಲದು, ಅದನ್ನು ಮರಳಿ ತುಂಬಿ ನೋಡಬೇಕೆಂಬ ಎಚ್ಚರ, ದಣಿದಾಗ ಎದ್ದುಹೋಗಬೇಕೆಂಬ ವಿವೇಕ, ಇವುಗಳಿಗೆ ಅಂಕ ಹಾಕುವ ಪರೀಕ್ಷೆಯು ಇನ್ನೂ ಹುಟ್ಟಿಲ್ಲ. ಹಾಗೆಯೇ ೨೦೨೪ರ ಮಾರ್ಚ್ ತಿಂಗಳಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು, ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಗೊಂಡು ಬೆನ್ನುಹತ್ತಿದಾಗ, ಎಕ್ಸ್‌ಜೆಡ್ ಎಂಬ ತಂತ್ರಾಂಶದೊಳಗೆ ಯಾರೋ ಬಹುಕಾಲದ ಸಂಚಿನಿಂದ ಸೇರಿಸಿದ್ದ ಕಳ್ಳಬಾಗಿಲು ಬಯಲಿಗೆ ಬಿದ್ದಿತು. ಅರ್ಧ ಸೆಕೆಂಡನ್ನು ಗಮನಿಸುವ ಕಣ್ಣು ಯಾವ ಪಾಠಪಟ್ಟಿಯಲ್ಲಿದೆ?

ಇಷ್ಟಾದ ಮೇಲೆ, ಬದಲಿಸಹೊರಟವರೆಲ್ಲರಿಗೂ ಒಂದೇ ಉತ್ತರವನ್ನು ಕೊಡಲಾಗದೆಂಬದು ಸ್ಪಷ್ಟವಾಗುವದು. ಈಗಾಗಲೆ ವಿಂಡೋಸ್ ಯಂತ್ರಗಳನ್ನೋ ಗಣಕಜಾಲವನ್ನೋ ನೋಡಿಕೊಳ್ಳುತ್ತಿರುವವನಿಗೆ ಪ್ರಮಾಣಪತ್ರದಿಂದ ಆಗುವ ಲಾಭವು ಎಲ್ಲರಿಗಿಂತ ಹೆಚ್ಚು. ಅವನಿಗೆ ವೃತ್ತಿಯ ಅನುಭವವಿದೆ. ನಡುರಾತ್ರಿಯ ಕರೆಯನ್ನು ಕಂಡಿದ್ದಾನೆ. ಇಲ್ಲದಿರುವದು ಲಿನಕ್ಸ್ ಎಂಬ ಒಂದು ಶಬ್ದ ಮಾತ್ರ. ಆ ಶಬ್ದವನ್ನು ಕೈಗೆಲಸದ ಒಂದು ಪರೀಕ್ಷೆಯು ಅವನ ಅರ್ಜಿಯಲ್ಲಿ ಸೇರಿಸಿಕೊಡುವದು. ದೂರು ಬರೆದುಕೊಳ್ಳುವ ಕೆಲಸದಲ್ಲಿರುವವನಿಗೂ ಅದರಿಂದ ಒಂದು ಮೆಟ್ಟಿಲು ಮೇಲೇರುವದು ಸಾಧ್ಯ. ಅವನು ಹೊರಗೆ ಅರ್ಜಿ ಹಾಕುವದಕ್ಕಿಂತ ಮೊದಲು ತನ್ನ ಕಚೇರಿಯಲ್ಲಿಯೇ ಲಿನಕ್ಸ್ ವಿಭಾಗದವರ ಬಾಗಿಲನ್ನು ತಟ್ಟತಕ್ಕದ್ದು, ಏತಕ್ಕೆಂದರೆ ಅಲ್ಲಿ ಅವನ ಮುಖವನ್ನು ಬಲ್ಲವರಿರುವರು, ಮತ್ತು ಕೆಲವು ಕಚೇರಿಗಳು ಪರೀಕ್ಷೆಯ ಶುಲ್ಕವನ್ನು ತಾವೇ ಕೊಡುವದುಂಟು.

ಲೆಕ್ಕಪತ್ರದಿಂದಲೋ ಶಾಲೆಯಿಂದಲೋ ನೇರವಾಗಿ ಬರುವವನ ಹಾದಿ ಉದ್ದವಾದದ್ದು. ಬರಿಯ ಪ್ರಮಾಣಪತ್ರವೊಂದನ್ನು ಹಿಡಿದು ಬಂದವನನ್ನು ಯಾರೂ ಸರ್ವರುಗಳ ಬೀಗದ ಕೈ ಕೊಟ್ಟು ಕೂಡಿಸುವದಿಲ್ಲ. ಅವನಿಗೆ ಮೊದಲು ಸಿಗುವದು ಪಾಳಿಯ ಮೇಲೆ ಯಂತ್ರಗಳನ್ನು ಕಾಯುವ, ದೂರುಗಳಿಗೆ ಉತ್ತರಿಸುವ ಕೆಳಗಿನ ಕೆಲಸವೇ. ಸಂಬಳವು ಒಂದೆರಡು ವರ್ಷ ಹಿಂದಿನದಕ್ಕಿಂತ ಕಡಿಮೆಯಾಗುವದೂ ಉಂಟು. ಇದನ್ನು ಮನೆಯವರಿಗೆ ಮೊದಲೇ ಹೇಳಿ ಹೊರಡುವದು ಒಳ್ಳೆಯದು. ಆದರೂ ಅವನ ಹಳೆಯ ವಿದ್ಯೆಯು ವ್ಯರ್ಥವಾಗುವದಿಲ್ಲ. ದಿನದ ಕೊನೆಗೆ ಒಂದು ಪೈಸೆ ಹೊಂದದಿದ್ದರೆ ಮೊದಲಿನಿಂದ ತಾಳೆ ನೋಡುವ ಗುಮಾಸ್ತನ ಹಟವು, ಸಾವಿರಾರು ಸಾಲಿನ ಲಾಗ್ ಕಡತದಲ್ಲಿ ತಪ್ಪನ್ನು ಹುಡುಕುವಾಗ ದೊಡ್ಡ ಸಂಪತ್ತು. ಒಂದೇ ಮಾತನ್ನು ನಾಲ್ಕು ಬಗೆಯಾಗಿ ಹೇಳಬಲ್ಲ ಉಪಾಧ್ಯಾಯನು ಕಚೇರಿಗೆ ಒಳ್ಳೆಯ ಕೈಪಿಡಿಯನ್ನು ಬರೆದುಕೊಡಬಲ್ಲನು.

ತರಬೇತಿಯ ಅಂಗಡಿಗಳ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ. ಕೆಲಸ ಕೊಡಿಸುವ ಭರವಸೆಯನ್ನು ಫೀಯೊಡನೆ ಕಟ್ಟಿ ಮಾರುವವರ ಮೆಟ್ಟಿಲನ್ನು ಹತ್ತಬಾರದು. “ಬಂದೇ ಬರುವ ಪ್ರಶ್ನೆಗಳು” ಎಂದು ಕದ್ದ ಪ್ರಶ್ನೆಗಳನ್ನು ಕೊಡುವವರ ಬಳಿಗಂತೂ ಹೋಗಲೇಬಾರದು. ಪ್ರಶ್ನೆಗಳನ್ನು ಹೊರಗೆಡಹುವದಿಲ್ಲವೆಂದು ಪ್ರತಿಯೊಬ್ಬ ಅಭ್ಯರ್ಥಿಯೂ ಒಪ್ಪಿಕೊಂಡೇ ಪರೀಕ್ಷೆಗೆ ಕುಳಿತಿರುವನು, ಮತ್ತು ಸಿಕ್ಕಿಬಿದ್ದರೆ ಪ್ರಮಾಣಪತ್ರವು ರದ್ದಾಗುವದು.

ಕಲಿಯುವದಕ್ಕೆ ಬೇಕಾದ ಸಾಮಗ್ರಿಯಾದರೋ ಬಹಳ ಅಗ್ಗ. ಎಂಟು ಗಿಗಾಬೈಟು ಸ್ಮರಣಶಕ್ತಿಯ ಹಳೆಯದೊಂದು ಗಣಕಯಂತ್ರವಿದ್ದರೆ ಅದರೊಳಗೆ ಎರಡು ಮೂರು ಮಿಥ್ಯಾಯಂತ್ರಗಳನ್ನು ನಿಲ್ಲಿಸಬಹುದು. ರೆಡ್ ಹ್ಯಾಟಿನ ಲಿನಕ್ಸ್‌ಗೆ ಸಮಾನವಾದ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಎಂಬವೆರಡೂ ೨೦೨೧ರಿಂದ ಬಿಟ್ಟಿಯಾಗಿ ದೊರೆಯುತ್ತಲಿವೆ. ಅದೇ ವರ್ಷದಿಂದ ರೆಡ್ ಹ್ಯಾಟ್ ಕಂಪನಿಯು ವ್ಯಕ್ತಿಗಳಿಗೆ ೧೬ ಯಂತ್ರಗಳವರೆಗೆ ತನ್ನ ಅಸಲು ವ್ಯವಸ್ಥೆಯನ್ನೇ ಶುಲ್ಕವಿಲ್ಲದೆ ಬಳಸಗೊಡುತ್ತಿದೆ. ಹಳೆಯ ಪುಸ್ತಕಗಳಲ್ಲಿ ಕಾಣುವ ಸೆಂಟ್‌ಓಎಸ್ ೭ರ ಆಯುಷ್ಯವು ೨೦೨೪ರ ಜೂನ್ ೩೦ಕ್ಕೆ ತೀರಿತು. ಹೊಸಬರು ಅದರ ಮೇಲೆ ಕಾಲ ಕಳೆಯಬಾರದು. ಯಂತ್ರವನ್ನು ಬೇಕೆಂದೇ ಕೆಡಿಸಿ ರಿಪೇರಿ ಮಾಡಬೇಕು. ಡಿಸ್ಕನ್ನು ತುಂಬಿಸಿ ನೋಡಬೇಕು. ಅಳಿಸಿದ ಕಡತವನ್ನು ಯಾವದೋ ಪ್ರಕ್ರಿಯೆಯು ಇನ್ನೂ ಹಿಡಿದುಕೊಂಡಿರುವದರಿಂದ ಸ್ಥಳವು ಮರಳಿ ಬಾರದ ವಿಚಿತ್ರವನ್ನು ಸ್ವತಃ ಕಾಣಬೇಕು. ಕಂಡದ್ದನ್ನೆಲ್ಲ ತಾರೀಖಿನೊಡನೆ ಒಂದು ವಹಿಯಲ್ಲಿ ಬರೆದಿಡಬೇಕು. ಸಂದರ್ಶನದಲ್ಲಿ “ಈವರೆಗೆ ಏನು ಮಾಡಿರುವಿರಿ” ಎಂದು ಕೇಳಿದಾಗ ತೆರೆಯತಕ್ಕದ್ದು ಆ ವಹಿಯನ್ನು. ಮಠಗಳ 
ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ಮೂಲೆಗುಂಪಾದ ಹಳೆಯ ಗಣಕಯಂತ್ರಗಳಿಗೇನು ಕೊರತೆ? ಅವುಗಳಿಗೆ ಲಿನಕ್ಸ್ ತುಂಬಿ, ಹುಡುಗರಿಗೆ ಖಾತೆಗಳನ್ನು ತೆರೆದುಕೊಟ್ಟು, ಒಂದು ವರ್ಷ ಕೆಡದಂತೆ ನಡೆಯಿಸಿದವನು ನಿಜವಾದ ಬಳಕೆದಾರರ ನಿಜವಾದ ಬೈಗುಳನ್ನು ತಿಂದಿರುವನು. ಇದು ಮನೆಯ ಮಿಥ್ಯಾಯಂತ್ರಗಳಿಂದ ಸಿಗುವ ಅನುಭವವಲ್ಲ.

ಪ್ರಮಾಣಪತ್ರಕ್ಕೂ ಆಯುಷ್ಯವುಂಟೆಂಬದನ್ನು ಶುಲ್ಕ ಕಟ್ಟುವ ಮೊದಲೇ ಅರಿತಿರಬೇಕು. ಆರ್.ಎಚ್.ಸಿ.ಎಸ್.ಎ. ಮೂರು ವರ್ಷ ನಡೆಯುವದು, ಎಲ್.ಪಿ.ಐ.ಸಿ. ಐದು ವರ್ಷ, ಎಲ್.ಎಫ್.ಸಿ.ಎಸ್. ಮೊದಲು ಮೂರು ವರ್ಷವಿದ್ದದ್ದು ೨೦೨೪ರ ಏಪ್ರಿಲಿನಿಂದ ಎರಡಕ್ಕೆ ಇಳಿದಿದೆ. ಇದರಲ್ಲಿ ವ್ಯಾಪಾರದ ವಾಸನೆಯಿರುವದು ನಿಜ; ವೃತ್ತಿಯೇ ಸರಿಯುತ್ತಿರುವದೂ ಅಷ್ಟೇ ನಿಜ. ಒಂದು ಕಾಲಕ್ಕೆ ಒಂದೊಂದು ಸೇವೆಯನ್ನು ಕೈಯಿಂದ ನಿಲ್ಲಿಸಲು ಕೇಳುತ್ತಿದ್ದ ಆರ್.ಎಚ್.ಸಿ.ಇ. ಪರೀಕ್ಷೆಯು, ೨೦೧೯ರಲ್ಲಿ ರೆಡ್ ಹ್ಯಾಟಿನ ೮ನೆಯ ಆವೃತ್ತಿ ಬಂದ ಮೇಲೆ, ಆನ್ಸಿಬಲ್ ಎಂಬ ಸಾಧನದಿಂದ ಹತ್ತಾರು ಯಂತ್ರಗಳಿಗೆ ಒಮ್ಮೆಲೆ ಆಜ್ಞೆ ಬರೆಯುವ ಪರೀಕ್ಷೆಯಾಯಿತು. ಕ್ಲೌಡ್ ಬಂದಿತು, ಇನ್ನು ಮೇಲ್ವಿಚಾರಕನಿಗೆ ಕೆಲಸವಿಲ್ಲ ಎನ್ನುವವರುಂಟು. ಕ್ಲೌಡಿನ ಯಂತ್ರಗಳಲ್ಲಿಯೂ ಬಹುಪಾಲು ಲಿನಕ್ಸೇ ಇರುವದೆಂಬದನ್ನು ಅವರು ಮರೆತಂತಿದೆ. ನೀರುಗಂಟಿಯ ಕೆಲಸವು ಒಂದು ತೂಬಿನಿಂದ ನೂರು ತೂಬುಗಳಿಗೆ ಬೆಳೆದಿದೆ, ಅಷ್ಟೇ.

ಕೊನೆಗೆ ಉಳಿಯುವದು, ಶುಲ್ಕವನ್ನು ಯಾವಾಗ ಕಟ್ಟಬೇಕೆಂಬ ವ್ಯವಹಾರದ ಮಾತು. ಮೊದಲು ಹಣ ಕಟ್ಟಿ, ಆ ಭಯದಿಂದ ಓದುವೆನೆಂಬವರ ಕ್ರಮವು ಶ್ರೀಮಂತರಿಗೆ ಒಪ್ಪಬಹುದು. ಮಿಕ್ಕವರು ಮನೆಯ ಯಂತ್ರದ ಮೇಲೆ, ಪಾಠಪಟ್ಟಿಯಲ್ಲಿಯ ಅಷ್ಟೂ ಕೆಲಸಗಳನ್ನು ಗಡಿಯಾರ ಮುಂದಿಟ್ಟುಕೊಂಡು, ಅಂತರ್ಜಾಲವನ್ನು ಕಡಿದು, ಮ್ಯಾನ್ ಪುಟಗಳ ಆಸರೆಯೊಂದರಿಂದಲೇ ಮೂರು ಗಂಟೆಗಳೊಳಗೆ ಮಾಡಿ ಮುಗಿಸಲಿ. ಮುಗಿಸಿ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಲಿ. ಬೇರೆ ಬೇರೆ ದಿನಗಳಲ್ಲಿ ಮೂರು ಸಲ ಹೀಗೆ ಮಾಡಿ, ಮೂರು ಸಲವೂ ಎಲ್ಲವೂ ಇಟ್ಟಲ್ಲಿಯೇ ಇದ್ದರೆ, ಮರುದಿನ ಹಣ ಕಟ್ಟಬಹುದು.